ಮುಪ್ಪಿನ ಬುತ್ತಿ ಸಾಕಾದೀತೆ?

ರಬಕವಿ-ಬನಹಟ್ಟಿ ತಾಲೂಕಿನ ಚಿಮ್ಮಡದಂಥ ಗ್ರಾಮಗಳಲ್ಲಿಯೂ ಈಗ ತಿಂಗಳ ಪಗಾರವನ್ನೇ ನಂಬಿ ಬಾಳುವವರ ಒಂದು ವರ್ಗವು ನೆಲೆಗೊಂಡಿರುವದು. ಶಾಲೆಯ ಶಿಕ್ಷಕರು, ಪಂಚಾಯತಿಯ ಮತ್ತು ಕಂದಾಯದ ನೌಕರರು, ಸಹಕಾರಿ ಸಂಘಗಳ ಕಾರಕೂನರು, ಸುತ್ತಲಿನ ಸಕ್ಕರೆ ಕಾರಖಾನೆಗಳ ಕೆಲಸಗಾರರು ಇವರೇ ಆ ವರ್ಗದವರು. ಇವರಲ್ಲಿ ಬಹುಜನರು ಇಂದು 40ರಿಂದ 50ರ ವಯಸ್ಸಿನಲ್ಲಿರುವರು. ಮಾರ್ಚ ತಿಂಗಳಲ್ಲಿ ಆದಾಯಕರದ ತಖ್ತೆಯನ್ನು ತುಂಬುವಾಗ ಎಷ್ಟು ಉಳಿಸಿದೆವೆಂಬುದನ್ನು ಇವರು ತಪ್ಪದೆ ಬರೆಯುವರು. ಆದರೆ ಆ ಉಳಿತಾಯವು ಮುಪ್ಪಿಗೆ ಸಾಕಾದೀತೇ ಎಂಬ ಪ್ರಶ್ನೆಗೆ ಆ ತಖ್ತೆಯಲ್ಲಿ ಅಂಕಣವಿಲ್ಲ. ಈ ಪ್ರಶ್ನೆಯನ್ನು ಕುರಿತು ಇಂದು ಕೆಲವು ಮಾತುಗಳನ್ನು ಬರೆಯಬೇಕೆಂದಿರುವೆವು.

ಹಿಂದಿನವರಿಗೆ ಈ ಚಿಂತೆ ಇಷ್ಟು ತೀವ್ರವಾಗಿರಲಿಲ್ಲ. 1948ರಲ್ಲಿ ಜಮಖಂಡಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಕಾಲಕ್ಕೆ ನೌಕರಿಯ ಮೇಲೆಯೇ ಬದುಕುತ್ತಿದ್ದವರು ಕೆಲವರು ಮಾತ್ರ. ಉಳಿದವರಿಗೆ ಹೊಲವೇ ಪಿಂಚಣಿ, ಒಟ್ಟು ಕುಟುಂಬವೇ ವಿಮೆ. ಮುಂದೆ ಸರಕಾರಿ ನೌಕರರು ಹೆಚ್ಚಿದಾಗಲೂ ಅವರಿಗೆ ಕೊನೆಯ ಮೂಲ ವೇತನದ ಅರ್ಧದಷ್ಟು ಪಿಂಚಣಿ ನಿಶ್ಚಿತವಾಗಿದ್ದಿತು, ತುಟ್ಟಿಭತ್ಯೆ ಏರಿದಂತೆ ಅದೂ ಏರುತ್ತಿದ್ದಿತು. 2006ರ ಏಪ್ರಿಲ 1ರಿಂದ ಕರ್ನಾಟಕ ಸರಕಾರದ ಸೇವೆಗೆ ಸೇರಿದವರಿಗೆ ಆ ಆಧಾರವು ತಪ್ಪಿತು. ಅವರ ಪಗಾರ ಮತ್ತು ತುಟ್ಟಿಭತ್ಯೆಯ 100ಕ್ಕೆ 10ರಷ್ಟು ಹಣವು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ, ಅಂದರೆ ಎನ್.ಪಿ.ಎಸ್.ಗೆ, ಹೋಗುವದು, ಸರಕಾರವೂ ತನ್ನ ಪಾಲನ್ನು ಹಾಕುವದು, 60 ವರ್ಷಕ್ಕೆ ಎಷ್ಟು ಕೂಡಿರುವದೋ ಅಷ್ಟೇ. ಇಷ್ಟು ಸಿಕ್ಕೀತೆಂಬ ಮಾತನ್ನು ಯಾರೂ ಕೊಟ್ಟಿರುವದಿಲ್ಲ. ಆದುದರಿಂದ ಹಳೆಯ ಗುಮಾಸ್ತನು ಕೇಳಬೇಕಾಗಿರದಿದ್ದ ಪ್ರಶ್ನೆಯನ್ನು ಇಂದಿನ ಶಿಕ್ಷಕನು ತಾನೇ ಕೇಳಿಕೊಂಡು ತಾನೇ ಉತ್ತರ ಹುಡುಕಬೇಕಾಗಿದೆ.

ಇದನ್ನು ಅಳೆಯಲು ಅಮೇರಿಕದ ಧನಸಂಸ್ಥೆಗಳು ಒಂದು ಸುಲಭದ ಅಳತೆಗೋಲನ್ನು ಪ್ರಚಾರಕ್ಕೆ ತಂದಿರುವವು. ಫಿಡೆಲಿಟಿ ಎಂಬ ಸಂಸ್ಥೆಯ ಮತದಂತೆ 40ನೆಯ ವಯಸ್ಸಿಗೆ ವಾರ್ಷಿಕ ಸಂಬಳದ 3 ಪಟ್ಟು, 45ಕ್ಕೆ 4 ಪಟ್ಟು, 50ಕ್ಕೆ 6 ಪಟ್ಟು ಉಳಿತಾಯವಿರತಕ್ಕದ್ದು. ಇದೇ ಗೋಲನ್ನು ಹಿಡಿದು ನಮ್ಮಲ್ಲಿಯೂ ಕೆಲವರು ಸಮಾಧಾನ ಹೇಳುತ್ತಿರುವರು. ಆದರೆ ಆ ದೇಶದಲ್ಲಿ 1935ರ ಕಾಯಿದೆಯಿಂದ ಬಂದ ಸಾಮಾಜಿಕ ಭದ್ರತೆಯ ಪಿಂಚಣಿಯು ಬಹುತೇಕ ಎಲ್ಲ ದುಡಿಮೆಗಾರರಿಗೂ ಉಂಟು. 1975ರಿಂದ ಅದು ತುಟ್ಟಿಗೆ ಸರಿಯಾಗಿ ವರ್ಷ ವರ್ಷವೂ ಏರುವದು. ಅವರ ಉಳಿತಾಯವು ಆ ಪಿಂಚಣಿಯ ಮೇಲಿನ ಹೆಚ್ಚಳ. ನಮ್ಮವನಿಗೆ ಉಳಿತಾಯವೇ ಊಟ. ಪರರ ಗೋಲಿನಿಂದ ನಮ್ಮ ಹೊಲವನ್ನು ಅಳೆದರೆ ಎಷ್ಟು ವ್ಯತ್ಯಾಸ ಬೀಳುವದೆಂಬುದನ್ನು ಲೆಕ್ಕದಿಂದಲೇ ನೋಡೋಣ.

45 ವರ್ಷದ ಒಬ್ಬ ಶಿಕ್ಷಕನನ್ನು ಕಲ್ಪಿಸಿಕೊಳ್ಳಿರಿ. ಮೂಲ ವೇತನ, ತುಟ್ಟಿಭತ್ಯೆ ಕೂಡಿ ತಿಂಗಳಿಗೆ 60,000 ರೂಪಾಯಿ, ಎನ್.ಪಿ.ಎಸ್. ಖಾತೆಯಲ್ಲಿ 25 ಲಕ್ಷ. ಅವನ ಮತ್ತು ಸರಕಾರದ ಪಾಲು ಕೂಡಿ ತಿಂಗಳಿಗೆ 14,000 ಜಮಾ. ವಾರ್ಷಿಕ ಸಂಬಳದ ಸುಮಾರು ಮೂರೂವರೆ ಪಟ್ಟು ಇರುವದರಿಂದ ಅಮೇರಿಕದ ಗೋಲಿನಂತೆ ಅವನು ದಾರಿಯಿಂದ ಹೆಚ್ಚು ದೂರ ಸರಿದಿಲ್ಲ. ಈಗ ನಮ್ಮ ಲೆಕ್ಕ. ವರ್ಷಕ್ಕೆ 100ಕ್ಕೆ 8ರಂತೆ ಬೆಳೆದರೆ ಇದ್ದ 25 ಲಕ್ಷವು 15 ವರ್ಷಗಳಲ್ಲಿ ಸುಮಾರು 79 ಲಕ್ಷವಾಗುವದು. ತಿಂಗಳ ಜಮೆಯು ಸುಮಾರು 47 ಲಕ್ಷವಾಗುವದು. ಒಟ್ಟು 1 ಕೋಟಿ 26 ಲಕ್ಷ. ಸರಕಾರಿ ನೌಕರನು ಇದರಲ್ಲಿ 100ಕ್ಕೆ 40ರಷ್ಟನ್ನಾದರೂ ವಿಮಾ ಸಂಸ್ಥೆಗೆ ಒಪ್ಪಿಸಿ ವರ್ಷಾಶನವನ್ನು ಕೊಳ್ಳಬೇಕು. ನೂರಕ್ಕೆ ಆರೂವರೆಯ ದರ ಹಿಡಿದರೆ ತಿಂಗಳಿಗೆ ಸುಮಾರು 27,000 ಬರುವದು. ಕೈಗೆ ಬರುವ ಇಡುಗಂಟು 76 ಲಕ್ಷ.

ಇದು ದೊಡ್ಡ ಮೊತ್ತವೆಂದು ಯಾರಿಗಾದರೂ ಅನಿಸುವದು ಸಹಜ. ಆದರೆ ಖರ್ಚಿನ ಪುಟವನ್ನೂ ತಿರುವಿ ಹಾಕಬೇಕಲ್ಲವೆ? ಮಕ್ಕಳ ಶಿಕ್ಷಣ, ಸಾಲದ ಕಂತುಗಳನ್ನು ಬಿಟ್ಟು ಅವನ ಮನೆಯ ಖರ್ಚು ಇಂದು ತಿಂಗಳಿಗೆ 30,000 ಎಂದಿಟ್ಟುಕೊಳ್ಳೋಣ. ತುಟ್ಟಿಯು ವರ್ಷಕ್ಕೆ 100ಕ್ಕೆ 5ರಂತೆ ಏರಿದರೆ ಅದೇ ಅನ್ನ, ಅದೇ ಬಟ್ಟೆ, ಅದೇ ಔಷಧಕ್ಕೆ 60ನೆಯ ವಯಸ್ಸಿನಲ್ಲಿ ತಿಂಗಳಿಗೆ 62,000 ಮಿಕ್ಕಿ ಬೇಕಾಗುವದು. ವರ್ಷಾಶನವು 27,000, ಉಳಿದುದನ್ನು ಇಡುಗಂಟಿನಿಂದ ತೆಗೆಯಬೇಕು. ಸಾಮಾನ್ಯ ವರ್ಷಾಶನವು ಏರುವದಿಲ್ಲ, ಖರ್ಚು ನಿಲ್ಲುವದಿಲ್ಲ. ಇಡುಗಂಟಿಗೆ ತುಟ್ಟಿಯಷ್ಟೇ ಬಡ್ಡಿ ಬಂದರೂ ಅದು ಸುಮಾರು 15 ವರ್ಷಕ್ಕೆ ಬರಿದಾಗುವದು. ಅಂದರೆ ಶಿಕ್ಷಕನಿಗೆ 75 ತುಂಬುವ ಹೊತ್ತಿಗೆ ಗಂಟು ಮುಗಿದಿರುವದು. ಅವನಿಗಿಂತ ನಾಲ್ಕೈದು ವರ್ಷ ಕಿರಿಯಳಾದ ಹೆಂಡತಿಗೆ ಆಗ 70. ಪಗಾರ ಏರಿದಂತೆ ಜಮೆಯೂ ಏರುವದೆಂದು ಕೆಲವರು ಆಕ್ಷೇಪಿಸುವರು. ನಿಜ. ಆದರೆ ಅದೇ ಹದಿನೈದು ವರ್ಷಗಳಲ್ಲಿ ಮಗಳ ಮದುವೆ, ಮಗನ ಕಾಲೇಜು, ಮನೆಯ ಮೇಲಿನ ಮಾಳಿಗೆ ಇವೂ ಬರುವವು. ಮದುವೆಗೆ ಮುಪ್ಪಿನ ಗಂಟನ್ನು ಬಿಚ್ಚದ ಗೃಹಸ್ಥರನ್ನು ನಾವು ಹೆಚ್ಚಾಗಿ ಕಂಡಿಲ್ಲ.

ಇಂದಿನಿಂದ ತಿಂಗಳಿಗೆ 5,000ವನ್ನು ಬೇರೆಯಾಗಿ ತೆಗೆದಿಟ್ಟರೆ ಅದು 60ಕ್ಕೆ ಸುಮಾರು 17 ಲಕ್ಷವಾಗಿ ಗಂಟಿನ ಆಯುಷ್ಯವನ್ನು 75ರಿಂದ 78ರ ಹತ್ತಿರಕ್ಕೆ ಒಯ್ಯುವದು. 10,000 ಇಟ್ಟರೆ 80ರ ಆಚೆಗೆ ಹೋಗಬಹುದು. ಇದೇ 5,000ವನ್ನು 30ನೆಯ ವಯಸ್ಸಿನಲ್ಲಿ ಆರಂಭಿಸಿದ್ದರೆ 70 ಲಕ್ಷವಾಗುತ್ತಿದ್ದಿತೆಂಬುದು ಚಕ್ರಬಡ್ಡಿಯ ಚಮತ್ಕಾರ; ಆದರೆ 45ರವನಿಗೆ ಅದನ್ನು ಹೇಳಿ ಪ್ರಯೋಜನವಿಲ್ಲ, ಅವನ ಮನೆಯ ತರುಣರಿಗೆ ಹೇಳಬಹುದು. ಅವನಿಗೆ ನಮ್ಮ ಸೂಚನೆ ಇಷ್ಟೇ: ವರ್ಷಕ್ಕೆರಡು ಸಲ ಬರುವ ತುಟ್ಟಿಭತ್ಯೆಯ ಏರಿಕೆಯಲ್ಲಿ ಅರ್ಧವನ್ನು ಮನೆಗೆ ತೋರಿಸುವ ಮೊದಲೇ ಬೇರೆ ಖಾತೆಗೆ ಹಾಕತಕ್ಕದ್ದು. ಕೈಗೆ ಬಾರದ ಹಣಕ್ಕೆ ಕೈ ಹಂಬಲಿಸುವದಿಲ್ಲ.

ಹಳೆಯ ಪಿಂಚಣಿಯೇ ಮರಳಿ ಬರುವದು, ಆದುದರಿಂದ ಈ ಲೆಕ್ಕವೇ ಬೇಡವೆಂದು ಹೇಳುವವರೂ ಉಂಟು. ರಾಜಸ್ಥಾನವು 2022ರಲ್ಲಿ, ಹಿಮಾಚಲ ಪ್ರದೇಶವು 2023ರಲ್ಲಿ ಅದನ್ನು ಮರಳಿಸಿದವು. ನಮ್ಮ ಸರಕಾರವು 2024ರ ಜನವರಿಯಲ್ಲಿ ಆದೇಶ ಹೊರಡಿಸಿದ್ದು, 2006ರ ಏಪ್ರಿಲಕ್ಕಿಂತ ಮೊದಲೇ ಪ್ರಕಟಣೆಯಾಗಿ ನಂತರ ನೇಮಕಗೊಂಡ ಸುಮಾರು 13,000 ನೌಕರರಿಗೆ ಮಾತ್ರ. ಕೇಂದ್ರವು 2025ರ ಏಪ್ರಿಲ 1ರಿಂದ ಏಕೀಕೃತ ಪಿಂಚಣಿ ಯೋಜನೆಯನ್ನು ತಂದು, 25 ವರ್ಷ ಸೇವೆ ಮಾಡಿದ ತನ್ನ ನೌಕರರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧವನ್ನು ಖಾತ್ರಿಪಡಿಸಿತು. ನೌಕರರ ಬೇಡಿಕೆಯು ನ್ಯಾಯವಾದುದೆಂದೇ ನಮ್ಮ ಮತ. ಆದರೆ ಬೇಡಿಕೆಯನ್ನು ಜಮೆಯ ಪುಟದಲ್ಲಿ ಬರೆಯಲಾಗದು. ಬಂದರೆ ಅದು ಲಾಭ. ಬಾರದಿದ್ದರೆ ಉಣ್ಣಬೇಕಾದುದು ತಾನು ಕಟ್ಟಿದ ಬುತ್ತಿಯನ್ನೇ.

ಕಾರಖಾನೆಯ ಕೆಲಸಗಾರನ ಸ್ಥಿತಿಯು ಇನ್ನೂ ಬಿಗಿಯಾದುದು. ಅವನ ಭವಿಷ್ಯನಿಧಿಗೆ 2024-25ರಲ್ಲಿ 100ಕ್ಕೆ 8.25ರ ಬಡ್ಡಿ ಸಂದಿತು, ಅದು ಒಳ್ಳೆಯದೇ. ಆದರೆ 1995ರ ಪಿಂಚಣಿ ಯೋಜನೆಯಿಂದ ಬರುವದೆಷ್ಟು? 2014ರ ಸೆಪ್ಟೆಂಬರದಲ್ಲಿ ನಿಗದಿಯಾದ 15,000 ರೂಪಾಯಿಗಳ ಮಿತಿಯ ಮೇಲೆ ಎಣಿಸಿದರೆ 25 ವರ್ಷ ದುಡಿದವನಿಗೆ, 2 ವರ್ಷದ ಹೆಚ್ಚುವರಿಯನ್ನು ಸೇರಿಸಿಯೂ, ತಿಂಗಳಿಗೆ 5,786. ಇದನ್ನು ನಂಬಿ ಭವಿಷ್ಯನಿಧಿಯ ಗಂಟನ್ನು ನಡುವೆ ಬಿಚ್ಚುವವನು ಮುಪ್ಪಿನಲ್ಲಿ ಮಗನ ಮುಖವನ್ನೇ ನೋಡಬೇಕಾಗುವದು.

ರಬಕವಿ, ಬನಹಟ್ಟಿಗಳ ಮಗ್ಗದ ಮನೆಗಳಲ್ಲಿ ನೇಯುವವನಿಗೆ ಮತ್ತು ಪಕ್ಕದಲ್ಲಿ ಕುಳಿತು ಕಂಡಿಕೆ ಸುತ್ತುವ ಅವನ ಹೆಂಡತಿಗೆ ಇದೂ ಇರುವದು ಅಪೂರ್ವ. ಅವರಿಗಾಗಿ 2015ರ ಅಟಲ್ ಪಿಂಚಣಿ ಯೋಜನೆ ಉಂಟು, 2019ರ ಶ್ರಮಯೋಗಿ ಮಾನಧನ ಉಂಟು. ಎರಡಕ್ಕೂ ಬಾಗಿಲು ಮುಚ್ಚುವದು 40ನೆಯ ವಯಸ್ಸಿಗೆ. ನಡುವಯಸ್ಸಿನ ಲೆಕ್ಕಕ್ಕೆ ಇದಕ್ಕಿಂತ ಸ್ಪಷ್ಟವಾದ ಗಡಿ ಇನ್ನೊಂದಿಲ್ಲ. 18ಕ್ಕೆ ಸೇರಿದವನು ತಿಂಗಳಿಗೆ 210 ರೂಪಾಯಿ ಕಟ್ಟಿ ಪಡೆಯುವ 5,000ದ ಪಿಂಚಣಿಗೆ 40ಕ್ಕೆ ಸೇರುವವನು 1,454 ಕಟ್ಟಬೇಕು. 41ನೆಯವನಿಗೆ ಅದೂ ಇಲ್ಲ. 5,000 ಎಂಬುದಾದರೂ ಏನು? ಮೇಲಿನ ತುಟ್ಟಿಯ ದರದಂತೆ 20 ವರ್ಷಗಳ ನಂತರ ಅದರ ಬೆಲೆ ಇಂದಿನ 1,900 ರೂಪಾಯಿಗೂ ಕಡಿಮೆ. ಇದಾವುದೂ ಇಲ್ಲದವನಿಗೆ 65 ತುಂಬಿದ ಮೇಲೆ ಸಂಧ್ಯಾ ಸುರಕ್ಷೆಯ 1,200 ರೂಪಾಯಿ. 40 ದಾಟಿದ ನೇಕಾರನಿಗೆ ತೆರೆದಿರುವದು, 2009ರಿಂದ ಸರ್ವರಿಗೂ ಒದಗಿದ ಎನ್.ಪಿ.ಎಸ್. ಮತ್ತು ಅಂಚೆಯ ಉಳಿತಾಯಗಳು ಮಾತ್ರ.

ಹೊಲ ಉಳ್ಳವರು ಈ ಮಾತುಗಳನ್ನು ಕೇಳಿ ನಗುವರು. ಕಬ್ಬಿನ ಹೊಲವು ಪಿಂಚಣಿಯಾಗುವದು ದುಡಿಯುವ ಕೈ ಇರುವತನಕ, ಇಲ್ಲವೆ ಪ್ರಾಮಾಣಿಕ ಪಾಲುಗಾರನು ದೊರೆತರೆ. ಮಕ್ಕಳು ಪುಣೆ, ಬೆಂಗಳೂರುಗಳಲ್ಲಿ ನೆಲೆಸಿದ ಮೇಲೆ ಎರಡೂ ಅಪರೂಪ. ತಂದೆತಾಯಿಗಳನ್ನು ಕಡೆಗಣಿಸಿದ ಮಕ್ಕಳ ಮೇಲೆ 2007ರ ಕಾಯಿದೆಯಂತೆ ಜಮಖಂಡಿಯ ಉಪವಿಭಾಗಾಧಿಕಾರಿಗಳ ಮುಂದೆ ದೂರು ಕೊಡಬಹುದು. ಹೆಚ್ಚೆಂದರೆ ತಿಂಗಳಿಗೆ 10,000ದ ಜೀವನಾಂಶ ದೊರೆಯುವದು. ಆದರೆ ಹೆತ್ತ ಮಗನ ಮೇಲೆ ಕಟಕಟೆ ಏರುವ ತಾಯಿಯನ್ನು ನಮ್ಮ ಊರುಗಳಲ್ಲಿ ಹುಡುಕಬೇಕಾದೀತು.

ಇನ್ನು ಹಣವನ್ನಿಡುವ ಸ್ಥಳದ ವಿಚಾರ. ನಮ್ಮ ಭಾಗದವರಿಗೆ ಸಹಕಾರಿ ಸಂಘಗಳ ಮೇಲೆ ಅಭಿಮಾನ ಹೆಚ್ಚು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ನೆಟ್ಟ ಸಸಿಯ ಹೆಮ್ಮೆ ನಮಗೂ ಉಂಟು. ಆದರೂ ಒಂದು ಭೇದವನ್ನು ಮರೆಯಬಾರದು. 2020ರ ಫೆಬ್ರುವರಿಯಿಂದ 5 ಲಕ್ಷದ ವರೆಗಿನ ಠೇವಣಿಗೆ ದೊರೆತಿರುವ ವಿಮೆಯು ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳೂ ಸೇರಿ, ಅನ್ವಯಿಸುವದು. ಪತ್ತಿನ ಸಹಕಾರಿ ಸಂಘಗಳಿಗೂ ಸೌಹಾರ್ದ ಪತ್ತಿನ ಸಂಘಗಳಿಗೂ ಅನ್ವಯಿಸುವದಿಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರಿ ಬ್ಯಾಂಕಿನ ಮೇಲೆ ರಿಜರ್ವ ಬ್ಯಾಂಕು ನಿರ್ಬಂಧ ಹಾಕಿ, ಒಬ್ಬರು 35,000ಕ್ಕಿಂತ ಹೆಚ್ಚು ತೆಗೆಯಲಾಗದೆಂದಾಗ ಬಾಗಿಲಲ್ಲಿ ನಿಂತವರಲ್ಲಿ ನಿವೃತ್ತರೇ ಬಹಳ. ಅಲ್ಲಿ ವಿಮೆಯಾದರೂ ಇದ್ದಿತು. ಒಂದೆರಡು ಬಡ್ಡಿಯ ಆಸೆಗೆ ಇಡೀ ಇಡುಗಂಟನ್ನು ವಿಮೆಯಿಲ್ಲದ ಒಂದೇ ಸಂಘದಲ್ಲಿಡುವದನ್ನು ನಾವು ಒಪ್ಪಲಾರೆವು.

ಸರಕಾರಕ್ಕೂ ಒಂದು ಮಾತು. ಎನ್.ಪಿ.ಎಸ್. ನೌಕರನಿಗೆ ಪ್ರತಿವರ್ಷ ಖಾತೆಯ ವಿವರ ದೊರೆಯುವದು. ಅದರಲ್ಲಿ ಇರುವದು ಎಷ್ಟೆಂಬುದು ತಿಳಿಯುವದು, ಮುಂದೆ ತಿಂಗಳಿಗೆ ಎಷ್ಟಾದೀತೆಂಬುದನ್ನು ಸಾಮಾನ್ಯ ನೌಕರನು ಎಣಿಸಲಾರನು. ಇಂದಿನ ದರಗಳಲ್ಲಿ ಇವನಿಗೆ 60ಕ್ಕೆ ಬರಬಹುದಾದ ವರ್ಷಾಶನ ಇಷ್ಟು, ಇಂದಿನ ಬೆಲೆಯಲ್ಲಿ ಅದರ ಯೋಗ್ಯತೆ ಇಷ್ಟು ಎಂಬ ಎರಡು ಸಾಲುಗಳನ್ನು ವೇತನ ಬಟವಡೆ ಮಾಡುವ ಅಧಿಕಾರಿಗಳು ಏಪ್ರಿಲದ ಪಗಾರದ ಚೀಟಿಯಲ್ಲಿಯೇ ಮುದ್ರಿಸಿ ಕೊಡಬಹುದು. ಹಳೆಯ ಪಿಂಚಣಿಯ ವಿಷಯದಲ್ಲಿ ಹೌದು ಅಥವಾ ಅಲ್ಲ ಎಂಬ ನಿರ್ಣಯವನ್ನೂ ಬೇಗ ತಿಳಿಸಬೇಕು. ನಿವೃತ್ತಿಗೆ ಇನ್ನು 180 ಪಗಾರಗಳಷ್ಟೇ ಉಳಿದಿರುವ 45ರ ನೌಕರನು ಅದಕ್ಕಾಗಿ ಮತ್ತೊಂದು ಚುನಾವಣೆಯ ವರೆಗೆ ಕಾಯುವಂತಾಗಬಾರದು.