ಕೋವಿ ತೆರೆಯುವ ವಿದ್ಯೆ

ಆಯುಧದ ವಿಷಯದಲ್ಲಿ ನಮ್ಮ ಜನ ಎರಡೇ ಬಗೆಯನ್ನು ಬಲ್ಲರು. ಒಂದು, ಹೆದರಿ ದೂರ ನಿಲ್ಲುವುದು. ಇನ್ನೊಂದು, ಮಹಾನವಮಿಯ ದಿನ ಕುಂಕುಮವಿಟ್ಟು ಕೈಮುಗಿಯುವುದು. ಮೂರನೆಯದೂ ಒಂದುಂಟು, ಅದು ಕಲಿಯುವುದು. ಅದರ ಪರವಾಗಿ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ. ಎನ್.ಸಿ.ಸಿ. ಹುಡುಗನೊಬ್ಬ ಬಂದೂಕಿನ ಜಂಬ ಕೊಚ್ಚಲು ಹೊರಟಿದ್ದಾನೆಂದು ವಾಚಕರು ದಯವಿಟ್ಟು ಭಾವಿಸಬಾರದು.

ಈ ವರ್ಷದ ಶಿಬಿರದಲ್ಲಿ .22 ರೈಫಲಿನ ಗುರಿಯಾಟ ಮುಗಿದ ಮೇಲೆ, ನಮ್ಮ ಹವಾಲ್ದಾರರು ಶಸ್ತ್ರಾಗಾರದಿಂದ ತರಿಸಿದ್ದ ಒಂದು ಹಳೆಯ ವೆಬ್ಲಿ ರಿವಾಲ್ವರನ್ನು ಮೇಜಿನ ಮೇಲಿಟ್ಟರು. 1915ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬಂದ ಆರನೆಯ ಮಾದರಿ ಅದು. .455 ಅಂಗುಲದ ಗುಂಡು, ಆರು ಅಂಗುಲದ ನಳಿಗೆ, ಒಂದು ಕಿಲೋಗ್ರಾಮಿಗೂ ಮಿಗಿಲಾದ ತೂಕ. ಇಷ್ಟು ಭಾರವಾದುದನ್ನು ಹಿಡಿಯುವವನೇ ಗಂಡಸು ಎಂದು ನನ್ನ ಮಿತ್ರನೊಬ್ಬ ಉದ್ಗರಿಸಿದ. ಅವನ ಎಣಿಕೆ ತಿರುಗುಮುರುಗು. ಭಾರವಿರುವುದು ಹಿಡಿಯುವವನ ಅನುಕೂಲಕ್ಕೆ. ಗುಂಡು ಮುಂದಕ್ಕೆ ಹಾರಿದಾಗ ಆಯುಧ ಹಿಂದಕ್ಕೆ ಒದೆಯಲೇಬೇಕು. ಆಯುಧ ಭಾರವಾದಷ್ಟೂ ಆ ಒದೆತದ ವೇಗ ಕಡಿಮೆ. ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿಯವರು 1950ರ ದಶಕದ ನಡುವೆ .44 ಮ್ಯಾಗ್ನಂ ತೋಟಾಕ್ಕೆ ರಿವಾಲ್ವರ್ ಮಾಡುವಾಗ ತಮ್ಮಲ್ಲಿದ್ದ ದೊಡ್ಡ ಚೌಕಟ್ಟನ್ನೇ ಆರಿಸಿಕೊಂಡದ್ದಕ್ಕೂ ತೋಟಾದ ಆ ಬಲವೇ ಕಾರಣ. 1971ರ ‘ಡರ್ಟಿ ಹ್ಯಾರಿ’ ಚಿತ್ರದಿಂದ ಅದು ಲೋಕಪ್ರಸಿದ್ಧವಾಯಿತು. ಆದರೆ ಚಿತ್ರಗಳಲ್ಲಿ ನಾಯಕ ಗುಂಡು ಹಾರಿಸುವುದನ್ನು ಎಷ್ಟು ಸಲ ನೋಡಿದ್ದೇವೆ, ತೋಟಾ ತುಂಬುವುದನ್ನು ಎಷ್ಟು ಸಲ? ನಮ್ಮ ಚಿತ್ರಗಳಲ್ಲಂತೂ ಆರು ಗೂಡಿನ ರಿವಾಲ್ವರಿನಿಂದ ಹನ್ನೆರಡು ಗುಂಡು ಸರಾಗವಾಗಿ ಬರುತ್ತವೆ!

ನಮಗೆ ಸಿಕ್ಕಿದ್ದು ಆರು ಹುಸಿ ತೋಟಾಗಳು. ಮದ್ದಿಲ್ಲ, ಸದ್ದಿಲ್ಲ. ಹಲವರಿಗೆ ನಿರಾಶೆಯಾಯಿತು. ನನಗಂತೂ ಶಿಬಿರದಲ್ಲೆಲ್ಲ ಅದೇ ಉತ್ತಮ ಪಾಠವೆನಿಸಿತು. ಮೊದಲು ನಳಿಗೆ ಗುರಿಹಲಗೆಯ ಕಡೆಗೆ, ಬೆರಳು ಕುದುರೆಯ ಹೊರಗೆ. ಎಡಗಡೆಯ ಕೀಲನ್ನು ಹೆಬ್ಬೆರಳಿನಿಂದ ಒತ್ತಿದರೆ ವೆಬ್ಲಿ ನಡುವಿನಲ್ಲಿ ಮುರಿದು ಬಾಗುತ್ತದೆ. ಉರುಳೆಯ ನಡುವಿನಿಂದ ನಕ್ಷತ್ರದಂಥ ಒಂದು ಬಿಲ್ಲೆ ಮೇಲೆದ್ದು, ಇರುವ ಆರು ತೋಟಾಗಳನ್ನೂ ಒಟ್ಟಿಗೆ ಹೊರದೂಡಿ, ತಾನು ಮತ್ತೆ ಕುಳಿತುಕೊಳ್ಳುತ್ತದೆ. ಆರು ಗೂಡುಗಳೂ ಬೆಳಕಿಗೆ ಹಿಡಿದ ಜರಡಿಯಂತೆ ಕಾಣುತ್ತವೆ. ಖಾಲಿಯೋ ತುಂಬಿದೆಯೋ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಆಮೇಲೆ ಒಂದೊಂದಾಗಿ ತುಂಬು, ಮುಚ್ಚು, ತೆರೆ, ಮತ್ತೆ ತುಂಬು. ಮುಚ್ಚಿದ ಮೇಲೆ ಎಡಗೈ ಉರುಳೆಯ ಮುಂದೆ ಬರಬಾರದು. ಉರುಳೆಗೂ ನಳಿಗೆಗೂ ನಡುವಿನ ಕೂದಲೆಳೆಯ ಸಂದಿನಿಂದ ಹೊರಡುವ ಬಿಸಿ ಅನಿಲ ಬೆರಳನ್ನು ಸುಟ್ಟೀತು. ಕುದುರೆ ಎಳೆದರೂ ಸದ್ದಾಗದಿದ್ದರೆ ಮತ್ತೆ ಎಳೆಯಕೂಡದು, ತೆರೆಯಲೂ ಕೂಡದು. ಗುರಿಯತ್ತಲೇ ಹಿಡಿದು ಮೂವತ್ತು ಸೆಕೆಂಡು ಕಾಯಬೇಕು. ಮದ್ದು ತಡವಾಗಿ ಹೊತ್ತಿಕೊಳ್ಳಬಹುದಷ್ಟೆ. ಇನ್ನೊಮ್ಮೆ ಎಳೆದರೆ ಆ ತೋಟಾ ನಳಿಗೆಯ ನೇರದಿಂದ ಪಕ್ಕಕ್ಕೆ ಸರಿದಿರುತ್ತದೆ, ಅಲ್ಲಿ ಸಿಡಿದರೆ ದೇವರೇ ಗತಿ. ಕೊನೆಗೆ ಬರಿಯ ರಿವಾಲ್ವರಿನ ನಳಿಗೆಯ ಮೇಲೆ ಒಂದು ರೂಪಾಯಿಯ ನಾಣ್ಯವಿಟ್ಟು, ಅದು ಬೀಳದಂತೆ ಕುದುರೆ ಎಳೆಯುವ ಅಭ್ಯಾಸ. ಗಂಡಸುತನದ ಮಾತಾಡಿದ ಮಿತ್ರನ ನಾಣ್ಯ ಏಳು ಸಲ ಬಿತ್ತು.

ಇದನ್ನೆಲ್ಲ ಇಷ್ಟು ವಿಸ್ತಾರವಾಗಿ ಬರೆಯಲು ಕಾರಣವುಂಟು. ನಮ್ಮೂರ ದೊಡ್ಡ ಮನೆಯೊಂದರಲ್ಲಿ ನಮ್ಮ ತಂದೆ ಆಳಾಗಿದ್ದರು. ನಾನು ಹುಟ್ಟುವುದಕ್ಕೆ ಮುಂಚಿನ ಮಾತು. ಆಯುಧಪೂಜೆಯ ಮುನ್ನಾದಿನ ಜೋಡುನಳಿಗೆಯ ಕೋವಿಯನ್ನು ಕೈಗೆ ಕೊಟ್ಟು, ‘ಖಾಲಿ ಇದೆ, ಚೆನ್ನಾಗಿ ಒರೆಸು’ ಎಂದರು. ಒರೆಸುವ ಬಟ್ಟೆ ಕುದುರೆಗೆ ಸಿಕ್ಕಿಕೊಂಡಿತು. ತಂದೆಯ ಎಡಪಾದದಲ್ಲಿ ಈಗ ಮೂರೇ ಬೆರಳು. ಆ ಬಗೆಯ ಕೋವಿಯೂ ವೆಬ್ಲಿಯಂತೆಯೇ ಹೆಬ್ಬೆರಳಿನ ಒಂದು ಒತ್ತಿಗೆ ಬಾಗಿ, ಎರಡು ಗೂಡುಗಳನ್ನೂ ತೋರಿಸುತ್ತದೆ. ಒಡೆಯರಿಗೆ ಅದು ಗೊತ್ತಿತ್ತು. ಒರೆಸುವವನಿಗೆ ತೆರೆಯುವ ವಿದ್ಯೆ ಏಕೆ ಬೇಕೆಂದು ಅವರು ತಿಳಿದಿರಬೇಕು.

ಬಿ.ಎ. ಓದುವವನಿಗೆ ಈ ಗೊಡವೆ ಏಕೆ, ಕಾನೂನು ಇಲ್ಲವೇ ಎಂದು ಕೆಲವರು ಕೇಳಬಹುದು. ಇದೆ. 2016ರ ಆಯುಧ ನಿಯಮಗಳು ಪರವಾನಗಿ ಬೇಡುವವನಿಗೆ ಸುರಕ್ಷತೆಯ ತರಬೇತಿಯನ್ನು ವಿಧಿಸಿವೆ. ದಿಬ್ಬಣ, ಉತ್ಸವಗಳಲ್ಲಿ ಹರ್ಷಕ್ಕೆಂದು ಗುಂಡು ಹಾರಿಸಿ ಇತರರನ್ನು ಅಪಾಯಕ್ಕೊಡ್ಡಿದರೆ ಎರಡು ವರ್ಷಗಳವರೆಗೆ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಎಂದು 2019ರ ತಿದ್ದುಪಡಿ ಹೇಳುತ್ತದೆ. ಒಳ್ಳೆಯದೇ. ಆದರೆ ತರಬೇತಿ ಪರವಾನಗಿದಾರನಿಗೆ. ಕೋವಿಯನ್ನು ಗೋಡೆಯಿಂದ ಇಳಿಸಿ ಧೂಳು ಹೊಡೆಯುವ ಆಳಿಗೂ, ಆ ಮನೆಯ ಹೆಂಗಸರಿಗೂ, ಮಕ್ಕಳಿಗೂ ಅದು ತಲುಪುವುದಿಲ್ಲ. ಅವರಾರೂ ಗುಂಡು ಹಾರಿಸಬೇಕೆಂದು ನಾನು ಹೇಳುತ್ತಿಲ್ಲ. ನನ್ನ ಮಟ್ಟಿಗೆ ಕೇಳಿದರೆ, ಊರಿನಲ್ಲಿ ಕೋವಿಗಳು ಇಲ್ಲದಿದ್ದರೇ ಲೇಸು. ಇರುವಷ್ಟು ದಿನ ತೆರೆದು ನೋಡಲು ಬರಲಿ.

ಖರ್ಚಿನ ಮಾತೂ ಬರುತ್ತದೆ. ನಿಜವಾದ ತೋಟಾ ದುಬಾರಿ. ಅಳೆದು ಸುರಿದು ಕೊಡುತ್ತಾರೆ, ಅದು ನ್ಯಾಯವೇ. ಹುಸಿ ತೋಟಾ ಸವೆಯುವುದಿಲ್ಲ. ನವರಾತ್ರಿಗೆ ಮುಂಚಿನ ಒಂದು ಭಾನುವಾರ ನಮ್ಮ ಕವಾಯತಿನ ಮೈದಾನದಲ್ಲಿ ಒಂದು ಮೇಜು ಹಾಕಿ, ಹವಾಲ್ದಾರರ ಸಮ್ಮುಖದಲ್ಲಿ, ಎನ್.ಸಿ.ಸಿ. ಸೇರದ ವಿದ್ಯಾರ್ಥಿ ವಿದ್ಯಾರ್ಥಿನಿಯರಿಗೂ ಸುತ್ತಲ ಹಳ್ಳಿಯವರಿಗೂ ಈ ಪಾಠವನ್ನು ಹೇಳಿಸಬೇಕೆಂದು ಮಾನ್ಯ ಪ್ರಾಂಶುಪಾಲರಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ಅಷ್ಟರಲ್ಲಿ ನಾನು ಈ ಕಾಲೇಜು ಬಿಟ್ಟಿರುತ್ತೇನೆ. ಕರೆ ಬಂದರೆ ತಂದೆಯನ್ನು ಕರೆದುಕೊಂಡು ಬರುತ್ತೇನೆ. ವೆಬ್ಲಿಯ ಕೀಲು ಎಲ್ಲಿರುತ್ತದೆಂದು ಅವರು ಆಗಲೇ ಎರಡು ಸಲ ಕೇಳಿದ್ದಾರೆ.