ತೋಟಾ ಸಿಕ್ಕಿತು, ಸಾಕ್ಷಿ ಕಳೆಯಿತು

ಸುರಪುರದ ಗುಡ್ಡದಲ್ಲಿ ಕಿಲುಬು ಹಿಡಿದ ಹಿತ್ತಾಳೆ ತೋಟಾ ಸಿಕ್ಕರೆ ನಮ್ಮ ಬಾಯಲ್ಲಿ ಮೊದಲು ಬರುವ ಮಾತು, ‘ಇದು 1857ರ ಬಂಡಾಯದ್ದು!’ ರಾಜಾ ವೆಂಕಟಪ್ಪ ನಾಯಕರ ನೆಲದವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಆ ತೋಟಾವನ್ನೇ ಕೇಳಿ ನೋಡಿ, ಅದು ಬೇರೆಯದೇ ಕಥೆ ಹೇಳುತ್ತದೆ.

ಶಾಲೆಯಲ್ಲಿ ಓದಿದ ‘ಕೊಬ್ಬು ಸವರಿದ ಕಾಡತೂಸು’ ನೆನಪಿದೆಯಲ್ಲವೇ? ಎನ್‌ಫೀಲ್ಡ್ ಬಂದೂಕಿನ ಆ ಕಾಡತೂಸು ಕಾಗದದ್ದು. ಸಿಪಾಯಿ ಅದನ್ನು ಹಲ್ಲಿನಿಂದ ಹರಿದು ಮದ್ದನ್ನು ನಳಿಗೆಗೆ ಸುರಿಯಬೇಕಿತ್ತು. 1858ರ ಫೆಬ್ರುವರಿಯಲ್ಲಿ ಸುರಪುರದಲ್ಲಿ ಕಾಳಗ ನಡೆದು ಬ್ರಿಟಿಷರ ಕ್ಯಾಪ್ಟನ್ ನ್ಯೂಬೆರಿ ಸತ್ತ. ಅಂಥ ಕಾಳಗ ನೆಲದಲ್ಲಿ ಬಿಟ್ಟುಹೋಗುವುದು ಸೀಸದ ಗುಂಡುಗಳನ್ನು, ಕಾಗದ ಮಣ್ಣಾಗುತ್ತದೆ. ತಳದ ನಡುವೆ ಕ್ಯಾಪ್ ಇರುವ ಹಿತ್ತಾಳೆಯ ಶಾಟ್‌ಗನ್ ತೋಟಾ ಬಳಕೆಗೆ ಬಂದದ್ದೇ 1860ರ ದಶಕದಿಂದ ಈಚೆಗೆ.

ಹಾಗಾದರೆ ಅದು ಬೆಲೆಯಿಲ್ಲದ್ದೇ? ಖಂಡಿತ ಅಲ್ಲ. ತೋಟಾದ ತಳವನ್ನು ಮೆಲ್ಲಗೆ ನೋಡಿದರೆ ತಯಾರಕರ ಹೆಸರು, ‘12’ ಎಂಬಂಥ ಬೋರ್ ಸಂಖ್ಯೆ ಕಾಣಬಹುದು. ಈಲಿ, ಕೈನಾಕ್ ಎಂದಿದ್ದರೆ ಇಂಗ್ಲೆಂಡಿನ ಕಾರ್ಖಾನೆಯದ್ದು. ಮೇಲಿನ ಕೊಳವೆ ಪ್ಲಾಸ್ಟಿಕ್ ಆಗಿದ್ದರೆ ಸುಮಾರು 1960ರ ನಂತರದ್ದು. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟರು. 1948ರ ಸೆಪ್ಟೆಂಬರ್‌ವರೆಗೂ ಈ ಸೀಮೆ ಹೈದರಾಬಾದ್ ಸಂಸ್ಥಾನದಲ್ಲೇ ಇತ್ತು. ತೋಟಾ ಶಿಕಾರಿಗೆ ಬಂದ ಸಾಹೇಬನದ್ದೋ, ಬೆಳೆ ಕಾಯುತ್ತಿದ್ದ ರೈತನದ್ದೋ ಆಗಿರಬಹುದು. ಬಂಡಾಯದಷ್ಟೇ ಅದೂ ನಮ್ಮ ಚರಿತ್ರೆ. ಯಾರ ಕೈಯಲ್ಲಿ ಬಂದೂಕಿತ್ತು, ಯಾರ ಕೈಯಲ್ಲಿ ಇರಲಿಲ್ಲ ಎಂಬ ಪ್ರಶ್ನೆಯನ್ನು ಅದು ಎತ್ತುತ್ತದೆ.

ಇದಕ್ಕಿಂತ ದೊಡ್ಡ ಸಾಕ್ಷಿ ತೋಟಾ ಬಿದ್ದಿದ್ದ ಜಾಗ. ಅಮೆರಿಕದ ಲಿಟಲ್ ಬಿಗ್‌ಹಾರ್ನ್‌ನಲ್ಲಿ 1876ರಲ್ಲಿ ಮೂಲನಿವಾಸಿಗಳು ಜನರಲ್ ಕಸ್ಟರ್‌ನ ಪಡೆಯನ್ನು ಸೋಲಿಸಿದ್ದರು. 1983ರಲ್ಲಿ ಅಲ್ಲಿನ ಹುಲ್ಲುಗಾವಲು ಬೆಂಕಿಗೆ ಸುಟ್ಟುಹೋದಾಗ ಪುರಾತತ್ತ್ವಜ್ಞರು ಮೆಟಲ್ ಡಿಟೆಕ್ಟರ್ ಹಿಡಿದು ಸಾಲಾಗಿ ನಡೆದರು. ಸಿಕ್ಕ ಪ್ರತಿ ತೋಟಾದ ಜಾಗವನ್ನೂ ನಕ್ಷೆಯಲ್ಲಿ ಗುರುತಿಸಿದರು. ತೋಟಾದ ಮೇಲೆ ಬಂದೂಕಿನ ಪಿನ್ ಬಿಟ್ಟ ಗುರುತು ನೋಡಿ, ಒಂದೊಂದು ಬಂದೂಕು ಎಲ್ಲಿಂದ ಎಲ್ಲಿಗೆ ಸಾಗಿತು ಎಂದೂ ತಿಳಿದರು. ಅದೇ ತೋಟಾಗಳನ್ನು ಯಾರಾದರೂ ಮೊದಲೇ ಆರಿಸಿ ಜೇಬಿಗೆ ಹಾಕಿಕೊಂಡಿದ್ದರೆ ಉಳಿಯುತ್ತಿದ್ದದ್ದು ಬರೀ ಗುಜರಿ.

ಈ ಪಾಠಕ್ಕೆ ಅಮೆರಿಕಕ್ಕೇ ಹೋಗಬೇಕಿಲ್ಲ. ಬಾಲಕ ವೆಂಕಟಪ್ಪನ ಕಾಲದಲ್ಲಿ ಸುರಪುರದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್, ಜೇವರ್ಗಿಯ ಬೃಹತ್ ಶಿಲಾ ಸಮಾಧಿಗಳನ್ನು ಅಗೆಸಿದಾಗ ಮಣ್ಣಿನ ಪದರಗಳ ಚಿತ್ರವನ್ನೂ ಬರೆದಿಟ್ಟ. ಯಾವುದು ಯಾವ ಪದರದಲ್ಲಿತ್ತು ಎಂಬುದೇ ಮುಖ್ಯ ಎಂದು ಅವನಿಗೆ ಗೊತ್ತಿತ್ತು. ಅದು ನಡೆದು ನೂರೈವತ್ತು ವರ್ಷಗಳ ಮೇಲಾಯಿತು.

ಇಂದು ಡಿಟೆಕ್ಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದರ ಕೆಲಸ ನಾವು ಎಂಜಿನಿಯರಿಂಗ್‌ನವರು ಓದಿದ್ದೇ: ಕಾಯಿಲ್‌ನ ಬದಲಾಗುವ ಕಾಂತಕ್ಷೇತ್ರ ನೆಲದೊಳಗಿನ ಲೋಹದಲ್ಲಿ ಎಡ್ಡಿ ಕರೆಂಟ್ ಹುಟ್ಟಿಸುತ್ತದೆ, ಯಂತ್ರ ಕೂಗುತ್ತದೆ. ಆದರೆ ಲೋಹ ಎಷ್ಟು ಹಳೆಯದು, ಯಾರದ್ದು ಎಂದು ಅದು ಹೇಳುವುದಿಲ್ಲ. ಕೆಲಸವಿಲ್ಲದ ಹುಡುಗರಿಗೆ ‘ನಿಧಿ’ಯ ಆಸೆ ಹುಟ್ಟಿಸುವವರೂ ಅದನ್ನು ಹೇಳುವುದಿಲ್ಲ. ಔರಂಗಜೇಬ 1705ರಲ್ಲಿ ತಾನೇ ನಿಂತು ಮುತ್ತಿದ ಕೊನೆಯ ಕೋಟೆ ನಮ್ಮ ವಾಗಣಗೇರಿ. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಗಲ್ಲುಗಳಿವೆ. ಇಂಥ ಕಡೆ ರಾತ್ರಿ ಅಗೆದ ಒಂದು ಗುಂಡಿ ಒಂದು ಪುಟವನ್ನೇ ಹರಿದ ಹಾಗೆ. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ಒಂದು ಕೇಸು ಬಿದ್ದರೆ ನೌಕರಿಯ ಪೊಲೀಸ್ ವೆರಿಫಿಕೇಶನ್‌ನಲ್ಲಿ ಅದೇ ಅಡ್ಡ ಬರುತ್ತದೆ. ಸಿಡಿಯದ ತೋಟಾ ಕಂಡರೆ ಮುಟ್ಟಲೇಬೇಡಿ, ಪೊಲೀಸರಿಗೆ ತಿಳಿಸಿ.

ಹಾಗೆಂದು ಕುತೂಹಲ ಬಿಡಬೇಕಿಲ್ಲ. ಹೊಲದಲ್ಲೋ ದಾರಿಯಲ್ಲೋ ಏನಾದರೂ ಕಂಡರೆ ಇದ್ದಲ್ಲೇ ಫೋಟೊ ತೆಗೆಯಿರಿ, ಪಕ್ಕದಲ್ಲಿ ಅಳತೆಗೆ ಪೆನ್ ಇಡಿ, ಮೊಬೈಲ್‌ನ ಲೊಕೇಶನ್ ಬರೆದಿಟ್ಟುಕೊಂಡು ಪುರಾತತ್ತ್ವ ಇಲಾಖೆಗೆ ತಿಳಿಸಿ. ನಮ್ಮ ಕಾಲೇಜುಗಳ ಎನ್‌ಎಸ್‌ಎಸ್ ಘಟಕಗಳು ಇಲಾಖೆಯ ಅನುಮತಿ, ಮಾರ್ಗದರ್ಶನದಲ್ಲಿ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಒಂದು ನಕ್ಷೆಯನ್ನೇ ಮಾಡಬಹುದು. ಜಿಪಿಎಸ್ ಬಲ್ಲ ಸಿವಿಲ್ ವಿದ್ಯಾರ್ಥಿ, ಚರಿತ್ರೆ ಬಲ್ಲ ಬಿ.ಎ. ವಿದ್ಯಾರ್ಥಿ ಜೊತೆಗೂಡಿದರೆ ಸಾಕು.

ವೆಂಕಟಪ್ಪ ನಾಯಕರ ಶೌರ್ಯಕ್ಕೆ ಸುಳ್ಳು ತೋಟಾದ ಆಸರೆ ಬೇಕಿಲ್ಲ. ನಿಜವಾದ ಸೀಸದ ಗುಂಡು ಇನ್ನೂ ಆ ಮಣ್ಣಿನಲ್ಲಿದ್ದರೆ, ಅದನ್ನು ಓದಬಲ್ಲವರು ಬರುವವರೆಗೆ ಅಲ್ಲೇ ಇರಲಿ.