ಟಿಕೆಟ್ಟಿಗೆ ಸಿಗುವುದು ಎರಡು ಗಂಟೆ ಮಾತ್ರ

ಜಪಾನಿನ ಐಡಲ್ ತಂಡಗಳ ಮಾತು ತೆಗೆದರೆ ನಮ್ಮ ಸಾಹಿತ್ಯಪ್ರಿಯರಿಂದ ಸಾಮಾನ್ಯವಾಗಿ ಬರುವ ಉತ್ತರ ಒಂದು ಕಿರುನಗೆ. ನೋ ನಾಟಕ, ಕಬುಕಿ, ಕುರೊಸಾವಾ ಎಂದರೆ ಕಿವಿ ನಿಮಿರುತ್ತದೆ. ಒಂದೇ ಬಗೆಯ ಲಂಗ ತೊಟ್ಟ ಹದಿನಾರು ಹುಡುಗಿಯರು ಹಾಡಿ ಕುಣಿಯುತ್ತಾರೆ ಎಂದರೆ ಮಾತ್ರ ‘ಅದೆಲ್ಲ ಮಾರುಕಟ್ಟೆ ಬಿಡ್ರೀ’ ಎಂಬ ತೀರ್ಪು. ಮಾರುಕಟ್ಟೆ ಹೌದು. ಕಬುಕಿ ಬೆಳೆದದ್ದೂ ಎಡೊ ಕಾಲದ ಮಾರುಕಟ್ಟೆಯಲ್ಲೇ. ನಟರ ಚಿತ್ರಗಳನ್ನು ಅಚ್ಚು ಹಾಕಿ ಮಾರುತ್ತಿದ್ದ ಕಾಲ ಅದು. ಆದರೆ ನನ್ನ ಜಗಳ ನಗುವವರ ಜೊತೆಗಲ್ಲ. ಆ ರಂಗವನ್ನು ಪ್ರೀತಿಸುತ್ತೇವೆ ಅನ್ನುವವರ ಜೊತೆಗೆ.

ಟೋಕಿಯೊದ ಅಕಿಹಾಬಾರಾದಲ್ಲಿ ಡಾನ್ ಕಿಹೋಟೆ ಎಂಬ ಅಗ್ಗದ ಸರಕಿನ ಬಹುಮಹಡಿ ಅಂಗಡಿಯಿದೆ. ಅದರ ಎಂಟನೇ ಮಹಡಿಯಲ್ಲಿ 2005ರ ಡಿಸೆಂಬರ್ 8ರಂದು ಯಾಸುಶಿ ಅಕಿಮೊಟೊ ಎಂಬ ನಿರ್ಮಾಪಕರು ಎಕೆಬಿ48 ತಂಡವನ್ನು ರಂಗಕ್ಕೆ ತಂದರು. ಮೊದಲ ದಿನ ದುಡ್ಡು ಕೊಟ್ಟು ಬಂದ ಪ್ರೇಕ್ಷಕರು ಏಳೇ ಮಂದಿ ಎಂಬುದು ಈಗ ತಂಡದ ಪುರಾಣದ ಮೊದಲ ಅಧ್ಯಾಯ. ಸಭಾಂಗಣದಲ್ಲಿ ಹಿಡಿಸುವುದು ಸುಮಾರು 250 ಜನ. ರಂಗದ ಮುಂದೆಯೇ ಕಟ್ಟಡದ ಎರಡು ಕಂಬಗಳು ನಿಂತಿವೆ. ಎಲ್ಲಿ ಕೂತರೂ ಯಾರೋ ಒಬ್ಬಳು ಆಗಾಗ ಕಂಬದ ಮರೆಗೆ ಹೋಗುತ್ತಾಳೆ. ಟಿಕೆಟ್ಟಿಗೆ ಲಾಟರಿ, ಟಿಕೆಟ್ ಸಿಕ್ಕಮೇಲೆ ಒಳಗೆ ಹೋಗುವ ಸರದಿಗೆ ಇನ್ನೊಂದು ಲಾಟರಿ.

ಒಳಗೆ ನಡೆಯುವುದು ಒಂದೇ ಕಾರ್ಯಕ್ರಮ. ಸುಮಾರು ಹದಿನಾರು ಹಾಡು, ಅದೇ ಅನುಕ್ರಮ, ನಡುವೆ ಒಂದಿಷ್ಟು ಹರಟೆ, ಹೀಗೆ ತಿಂಗಳುಗಟ್ಟಲೆ. ನೋಡದವರಿಗೆ ಇದು ಬೇಸರದ ಸಂಗತಿ. ಒಂದೇ ಪ್ರಸಂಗಕ್ಕೆ ಹತ್ತನೇ ಸಲ ಹೋಗುವ ಯಕ್ಷಗಾನದ ಪ್ರೇಕ್ಷಕನಿಗೆ ಮಾತ್ರ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಥೆ ಗೊತ್ತಿದ್ದಾಗಲೇ ಇವತ್ತಿನ ಹೆಜ್ಜೆ ಕಣ್ಣಿಗೆ ಬೀಳುವುದು. ಯಾರಿಗೋ ಬದಲಿಯಾಗಿ ಬಂದ ತರಬೇತಿಯ ಹುಡುಗಿ ಇವತ್ತು ಅರ್ಧ ತಾಳ ಹಿಂದೆ ಬೀಳುತ್ತಾಳೆ; ಕೆಲವು ವಾರ ಕಳೆದು ಅದೇ ತಿರುವಿನಲ್ಲಿ ಅವಳ ಭುಜ ಸರಿಯಾದ ಕಡೆ ಹೊರಳುತ್ತದೆ. ಧ್ವನಿಮುದ್ರಣಕ್ಕೆ ತುಟಿ ಕೂಡಿಸುತ್ತಾರಲ್ಲ ಎಂದು ಹಗರಣ ಬಯಲಿಗೆಳೆದವರಂತೆ ಹೇಳುವವರಿದ್ದಾರೆ. ಅದು ಅಲ್ಲಿ ಎಲ್ಲರಿಗೂ ಗೊತ್ತು. ಎದುರು ಸಾಲಿನಲ್ಲಿ ಕೂತವನಿಗೆ ಕಾಣುವ ಏದುಸಿರು, ಹಣೆಗೆ ಅಂಟಿದ ಕೂದಲು ಮೊದಲೇ ಮುದ್ರಿಸಿಟ್ಟದ್ದಲ್ಲ. ಹಾಡಿನ ಆರಂಭಕ್ಕೆ ಪ್ರೇಕ್ಷಕರು ಒಕ್ಕೊರಲಿನಿಂದ ‘ಟೈಗರ್, ಫೈಯರ್, ಸೈಬರ್’ ಎಂದು ಅರ್ಥವಿಲ್ಲದ ಕೂಗು ಹಾಕುತ್ತಾರೆ. ನನಗೆ ಅದೂ ಇಷ್ಟ. ಇದು ರಂಗಭೂಮಿಯಲ್ಲದಿದ್ದರೆ ಮತ್ಯಾವುದು?

ಕೇಡಿನ ಬೀಜವೂ ಅಲ್ಲೇ ಇದೆ. ತಂಡದ ಘೋಷವಾಕ್ಯವೇ ‘ಭೇಟಿಗೆ ಹೋಗಬಹುದಾದ ಐಡಲ್’. ಆಟ ಮುಗಿಸಿ ಹೊರಡುವವರಿಗೆ ಬಾಗಿಲ ಬಳಿ ಕೈಗೆ ಕೈ ತಾಕಿಸುವ ಬೀಳ್ಕೊಡುಗೆ. ಸಿ.ಡಿ. ಕೊಂಡರೆ ಒಳಗೆ ಕೈಕುಲುಕಲು ಚೀಟಿ. 2009ರಿಂದ 2018ರವರೆಗೆ ತಂಡದಲ್ಲಿ ಯಾರು ಮುಂದೆ ನಿಲ್ಲಬೇಕೆಂದು ಚುನಾವಣೆ ನಡೆಯುತ್ತಿತ್ತು, ಅದರ ಮತಚೀಟಿಯೂ ಸಿ.ಡಿ.ಯೊಳಗೇ. ಹೆಚ್ಚು ಕೊಂಡವನಿಗೆ ಹೆಚ್ಚು ಮತ. ಕೈಕುಲುಕುವಾಗ ಹುಡುಗಿ ಸಾಕಷ್ಟು ನಗದಿದ್ದರೆ ಅಭಿಮಾನಿಗಳ ಬಾಯಲ್ಲಿ ಅದಕ್ಕೊಂದು ಹೆಸರಿದೆ: ‘ಶಿಯೊ ತೈಯೊ’, ಉಪ್ಪುಪ್ಪಾದ ಉಪಚಾರ. ಎರಡು ಗಂಟೆ ಕುಣಿದವಳ ಕುಣಿತದ ಬಗ್ಗೆ ಮಾತಿಲ್ಲ, ಹಸ್ತದ ರುಚಿಯ ಬಗ್ಗೆ ತೀರ್ಪು!

ಬೆರಳು ಕೊಟ್ಟರೆ ಹಸ್ತ ನುಂಗಿದರು ಅನ್ನುವ ಮಾತು ಇಲ್ಲಿ ಅಕ್ಷರಶಃ ನಿಜ. 2013ರ ಜನವರಿಯಲ್ಲಿ ಮಿನಾಮಿ ಮಿನೆಗಿಶಿ ಒಬ್ಬ ಹುಡುಗನ ಮನೆಯಲ್ಲಿ ರಾತ್ರಿ ಕಳೆದಳೆಂದು ವಾರಪತ್ರಿಕೆಯೊಂದು ಬರೆಯಿತು. ಇಪ್ಪತ್ತು ವರ್ಷದ ಆ ಹೆಣ್ಣುಮಗಳು ತಲೆ ಬೋಳಿಸಿಕೊಂಡು ಕ್ಯಾಮೆರಾ ಮುಂದೆ ಅಳುತ್ತಾ ಕ್ಷಮೆ ಕೇಳಿದಳು. ಮರುವರ್ಷ ಮೇ 25ರಂದು ಇವಾತೆ ಪ್ರಾಂತ್ಯದಲ್ಲಿ ಕೈಕುಲುಕುವ ಸಾಲಿನಲ್ಲಿ ಬಂದವನೊಬ್ಬ ಗರಗಸ ಬೀಸಿ ತಂಡದ ಇಬ್ಬರನ್ನೂ ಒಬ್ಬ ಸಿಬ್ಬಂದಿಯನ್ನೂ ಗಾಯಗೊಳಿಸಿದ. 2015ರಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ, ಬೇರೆ ತಂಡವೊಂದರಲ್ಲಿದ್ದ ಹದಿಹರೆಯದ ಹುಡುಗಿ ಪ್ರೀತಿಸಿದ ತಪ್ಪಿಗೆ 6,50,000 ಯೆನ್ ಕಟ್ಟಬೇಕೆಂದಿತು. ಮರುವರ್ಷ ಅದೇ ನ್ಯಾಯಾಲಯ ಇನ್ನೊಂದು ಪ್ರಕರಣದಲ್ಲಿ ಅಂಥ ನಿಷೇಧ ಅತಿಯಾಯಿತೆಂದಿತು, ಅಷ್ಟು ಸಮಾಧಾನ.

ಆದರೆ ನನ್ನನ್ನು ಬಿಡದೆ ಕಾಡುವುದು ನಿಗಾತಾ ನಗರದ ಪುಟ್ಟ ರಂಗಮಂದಿರ. ಅಲ್ಲಿನ ಸೋದರಿ ತಂಡ ಎನ್‌ಜಿಟಿ48ರ ಮಾಹೊ ಯಾಮಾಗುಚಿಯ ಮೇಲೆ 2018ರ ಡಿಸೆಂಬರಿನಲ್ಲಿ ಅವಳ ಮನೆಬಾಗಿಲಲ್ಲೇ ಇಬ್ಬರು ಗಂಡಸರು ಕೈಮಾಡಿದರು. ಅವರು ಬಂಧಿತರಾದರು, ಮೊಕದ್ದಮೆಯಾಗದೆ ಬಿಡುಗಡೆಯೂ ಆದರು. ಅವಳೇ ವಿಷಯ ಬಹಿರಂಗಪಡಿಸಬೇಕಾಯಿತು. 2019ರ ಜನವರಿ 10ರಂದು, ಆ ರಂಗಮಂದಿರದ ಮೂರನೇ ವಾರ್ಷಿಕೋತ್ಸವದ ಪ್ರದರ್ಶನದಲ್ಲಿ, ಅವಳು ರಂಗದ ಮೇಲೆ ನಿಂತು ಎಲ್ಲರಿಗೂ ತೊಂದರೆ ಕೊಟ್ಟದ್ದಕ್ಕೆ ತಲೆಬಾಗಿ ಕ್ಷಮೆ ಕೇಳಿದಳು. ಏಟು ತಿಂದವಳು, ನೋಡಲು ಬಂದವರಿಗೆ! ಆಡಳಿತವನ್ನು ಬೈಯುವುದು ಸುಲಭ, ಬೈಯಲೇಬೇಕು ಕೂಡ. ಆದರೆ ಕ್ಷಮೆ ಸ್ವೀಕರಿಸುವ ಕುರ್ಚಿಯೊಂದು ಸಭಾಂಗಣದಲ್ಲಿ ಇದ್ದದ್ದರಿಂದಲೇ ಅವಳು ಬಾಗಬೇಕಾಯಿತು. ಆ ಕುರ್ಚಿಯಲ್ಲಿ ಕೂತಿದ್ದವನು ಪ್ರೇಕ್ಷಕ.

‘ನಾವೇ ಬೆಳೆಸಿದೆವು’ ಅನ್ನುತ್ತಾರೆ ಅಭಿಮಾನಿಗಳು. ಅವಳು ನೆಟ್ಟಗೆ ನಿಲ್ಲಲಾರದ ದಿನಗಳಿಂದ ನೋಡಿದ್ದೇವೆ, ಸಿ.ಡಿ. ಕೊಂಡಿದ್ದೇವೆ, ಕೂಗಿದ್ದೇವೆ. ನೋಡಿದ್ದೀರಿ, ನಿಜ. ಬೆಳೆಸಿದ್ದು ಅವಳ ಕಾಲು, ಅವಳ ಅಭ್ಯಾಸ. ಮಗುವನ್ನು ಸಾಕಿದವರೂ ಇಪ್ಪತ್ತರ ಮಗಳ ತಲೆಗೂದಲಿನ ಮೇಲೆ ಹಕ್ಕು ಹೇಳಬಾರದು ಎನ್ನುವ ಕಾಲದಲ್ಲಿ, ಚೀಟಿ ಕೊಂಡವನಿಗೆ ಆ ಹಕ್ಕು ಎಲ್ಲಿಂದ ಬಂತು? ‘ಕೈಕುಲುಕುವ ದುಡ್ಡಿನಿಂದಲೇ ಅವರ ಹೊಟ್ಟೆ ತುಂಬುತ್ತದೆ’ ಎಂಬ ಇನ್ನೊಂದು ವಾದವಿದೆ. ಹಾಗಾದರೆ ನೃತ್ಯಕ್ಕೆ ಕೊಡುವ ಬೆಲೆ ಹೆಚ್ಚಿಸಿ. ಕುಣಿತ ಅಗ್ಗ, ಅಂಗೈ ದುಬಾರಿ ಎಂಬ ಲೆಕ್ಕ ಹಾಕಿದವರು ಆ ಹುಡುಗಿಯರಲ್ಲ.

2021ರಲ್ಲಿ ಅಕುತಾಗಾವಾ ಪ್ರಶಸ್ತಿ ಪಡೆದ ರಿನ್ ಉಸಾಮಿಯ ‘ಓಶಿ, ಮೊಯು’ ಕಾದಂಬರಿಯನ್ನು ಈ ಅಭಿಮಾನಿಗಳು ಓದಬೇಕು. ಶಾಲಾ ಹುಡುಗಿ ಅಕಾರಿ ಒಬ್ಬ ಗಾಯಕನಿಗೆ ಬದುಕನ್ನೇ ಒಪ್ಪಿಸಿದ್ದಾಳೆ. ಅವನು ಅಭಿಮಾನಿಯೊಬ್ಬಳಿಗೆ ಹೊಡೆದ ಸುದ್ದಿಯಿಂದ ಕಥೆ ಶುರುವಾಗುತ್ತದೆ. ಅಷ್ಟು ಸುಟ್ಟುಕೊಳ್ಳುವ ಆ ಹುಡುಗಿಗೂ ಅವನ ಗೆಳತಿಯಾಗುವ ಆಸೆಯಿಲ್ಲ. ರಂಗಕ್ಕೂ ಆಸನಕ್ಕೂ ನಡುವಿನ ಅಂತರವೇ ಅವಳಿಗೆ ಹಿತ. ಹುಚ್ಚು ಅಭಿಮಾನವೂ ಇಷ್ಟು ಸಭ್ಯವಾಗಿರಬಹುದು.

2020ರಲ್ಲಿ ಕೊರೊನಾ ಬಂದು ಕೈಕುಲುಕಾಟ ನಿಂತಿತು. ಅದರ ಜಾಗಕ್ಕೆ ಫೋನಿನ ಪರದೆಯಲ್ಲಿ ಕೆಲವೇ ಕ್ಷಣ ಮಾತಾಡುವ ಚೀಟಿ ಮಾರಾಟಕ್ಕೆ ಬಂತು. ಅಕಿಹಾಬಾರಾದ ರಂಗಮಂದಿರವಂತೂ ನವೀಕರಣಗೊಂಡು 2024ರ ಡಿಸೆಂಬರಿನಲ್ಲಿ ಮತ್ತೆ ತೆರೆದಿದೆ. ನಿಮ್ಮಲ್ಲಿ ಯಾರಾದರೂ ಓದಿಗೋ ಕೆಲಸಕ್ಕೋ ಟೋಕಿಯೊಗೆ ಹೋದರೆ ಲಾಟರಿಗೆ ಹೆಸರು ಕೊಡಿ, ಖಂಡಿತ ನೋಡಿ. ಕಂಬದ ಪಕ್ಕದ ಜಾಗ ಸಿಕ್ಕರೂ ಬೇಸರ ಬೇಡ. ಕೊನೆಯ ಹಾಡಿಗೆ ಕೈನೋಯುವಷ್ಟು ಚಪ್ಪಾಳೆ ತಟ್ಟಿ. ಆಮೇಲೆ ಚೀಟಿ ಮಾರುವ ಮೇಜಿನ ಮುಂದೆ ನಿಲ್ಲದೆ, ಎಂಟು ಮಹಡಿ ಇಳಿದು ರೈಲು ಹಿಡಿಯಿರಿ.